ಚಕ್ರದೊಳಗಿನ ಕತ್ತಲು

ಘಾಟಿಯ ತಿರುವಿನಲ್ಲಿ ಸ್ಕೂಟರಿನ ಬ್ರೇಕನ್ನು ಬೆರಳುಗಳು ಮೆಲ್ಲಗೆ ಹಿಡಿದಾಗ, ಕಲೆಸಿಹೋಗಿದ್ದ ಹಸಿರು ಮತ್ತೆ ಎಲೆ ಎಲೆಯಾಗುತ್ತದೆ, ಕಲ್ಲುಕಟ್ಟೆಯ ಮೇಲಿನ ಪಾಚಿ ಕಾಣುತ್ತದೆ, ಕಟ್ಟೆಯ ಮೇಲೆ ಕೂತ ಕೋತಿಗೆ ಮುಖ ಮೂಡುತ್ತದೆ. ಈಗಷ್ಟೇ ನಮ್ಮ ಜೊತೆಗಿದ್ದ ಓಟ ಎಲ್ಲಿಗೆ ಹೋಯಿತೆಂದು ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಅದು ಮಾಯವಾಗಿಲ್ಲ. ಚಕ್ರದ ನಡುವೆ, 130 ಮಿಲಿಮೀಟರ್ ಅಗಲದ ಡ್ರಮ್ಮಿನೊಳಗೆ, ಬಿಸಿಲು ಬೀಳದ ಜಾಗದಲ್ಲಿ, ಬಿಸಿಯಾಗಿ ಕೂತಿದೆ.

ಇಬ್ಬರು ಕೂತ ಸ್ಕೂಟರಿನ ಒಟ್ಟು ತೂಕ 240 ಕಿಲೋ ಅಂದುಕೊಂಡರೆ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದರ ಓಟ ಹೊತ್ತಿರುವ ಶಕ್ತಿ ಸುಮಾರು 15 ಸಾವಿರ ಜೂಲ್. ಒಂದು ಸಣ್ಣ ಲೋಟ ತಣ್ಣೀರನ್ನು ಬೆಚ್ಚಗೆ ಮಾಡಲು ಅಷ್ಟು ಸಾಕು. ಎರಡು ಜೀವ, ಅವರ ಚೀಲ, ಸಂತೆಯ ಅವಸರ, ಮನೆ ಸೇರುವ ತವಕ, ಕಿವಿಯ ಪಕ್ಕ ಸಿಳ್ಳೆ ಹಾಕುತ್ತಿದ್ದ ಗಾಳಿ, ಇಷ್ಟೂ ಸೇರಿ ಒಂದು ಲೋಟ ಬೆಚ್ಚನೆಯ ನೀರು! ವೇಗ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಅದನ್ನೆಲ್ಲ ಆ ಪುಟ್ಟ ಕತ್ತಲೇ ನುಂಗಿಕೊಳ್ಳಬೇಕು.

ಆ ಕತ್ತಲು ತೆರೆದುಕೊಳ್ಳುವುದು ಬ್ರೇಕ್ ಶೂ ಬದಲಿಸುವ ದಿನ ಮಾತ್ರ. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಸೈಲೆನ್ಸರ್ ಬಿಚ್ಚಿ, ನಡುವಿನ ದೊಡ್ಡ ನಟ್ಟು ಸಡಿಲಿಸಿ, ಹಿಂದಿನ ಚಕ್ರವನ್ನು ಹಲ್ಲಿರುವ ದಂಡದಿಂದ ಮೆಲ್ಲಗೆ ಈಚೆಗೆ ಎಳೆದರೆ, ನುಣ್ಣನೆಯ ಕರಿ ಪುಡಿಯ ನಡುವೆ ಎರಡು ಅರ್ಧಚಂದ್ರಗಳು ಕಾಣುತ್ತವೆ: ಎದುರು ಬದುರು ಹಿಡಿದ ಬೊಗಸೆಗಳಂತೆ ಬಾಗಿದ, ಎರಡು ಸ್ಪ್ರಿಂಗುಗಳು ಪರಸ್ಪರ ಬಿಗಿದಿಟ್ಟ ಬ್ರೇಕ್ ಶೂಗಳು. ಒಂದು ತುದಿಯಲ್ಲಿ ಎರಡೂ ಒಂದೇ ಗೂಟಕ್ಕೆ ಒರಗಿವೆ. ಇನ್ನೊಂದು ತುದಿಯಲ್ಲಿ ಅವುಗಳ ನಡುವೆ ಚಪ್ಪಟೆಯಾದೊಂದು ಕ್ಯಾಮ್ ನಿಂತಿದೆ. ಬೆರಳು ಕೇಬಲ್ ಎಳೆದಾಗ ಆ ಕ್ಯಾಮ್ ಅಷ್ಟಿಷ್ಟು ಹೊರಳುತ್ತದೆ, ಶೂಗಳು ಅಗಲಿ ಡ್ರಮ್ಮಿನ ಒಳಮೈಗೆ ತಾಗುತ್ತವೆ. ಬೆರಳು ಬಿಟ್ಟೊಡನೆ ಸ್ಪ್ರಿಂಗುಗಳು ಅವನ್ನು ಮತ್ತೆ ಹತ್ತಿರಕ್ಕೆ ಕರೆದುಕೊಳ್ಳುತ್ತವೆ.

ನಾನು ಎಷ್ಟು ನೋಡಿದರೂ ಹಳತಾಗದ ಬೆರಗು ಇರುವುದು ಆ ತಾಗುವ ಗಳಿಗೆಯಲ್ಲಿ. 40ರ ವೇಗದಲ್ಲಿ ಡ್ರಮ್ಮು ಸೆಕೆಂಡಿಗೆ ಎಂಟು ಸಲ ಸುತ್ತುತ್ತಿರುತ್ತದೆ. ಆ ಸುತ್ತು ಒಂದು ಶೂವಿನ ತೆರೆದ ತುದಿಯನ್ನು ಹಿಡಿದು ತನ್ನತ್ತ ಸೆಳೆದುಕೊಳ್ಳುತ್ತದೆ, ಬೆರಳು ಒತ್ತಿದ್ದಕ್ಕಿಂತ ಹೆಚ್ಚು ಬಿಗಿಯಾಗಿ ತನಗೇ ಒತ್ತಿಕೊಳ್ಳುತ್ತದೆ. ಓಡುವ ಚಕ್ರ ತನ್ನ ಓಟದ ಬಲವನ್ನೇ ತನ್ನನ್ನು ನಿಲ್ಲಿಸುವ ಕೈಗೆ ಕೊಡುತ್ತದೆ! ಎಳೆಯ ಹುಡುಗಿಯ ಬೆರಳಿಗೂ ಎರಡು ಕ್ವಿಂಟಾಲು ಭಾರ ಮಣಿಯುವುದರ ಹಿಂದೆ ಸನ್ನೆಯ ಉದ್ದದ ಜೊತೆಗೆ ಈ ಕೊಡುಗೆಯೂ ಇದೆ. ಇನ್ನೊಂದು ಶೂವನ್ನು ಅದೇ ಸುತ್ತು ತುಸು ಆಚೆಗೆ ತಳ್ಳುತ್ತದೆ, ಅದು ಹಾಗೇ ತನ್ನ ಪಾಲಿನದನ್ನು ಮಾಡುತ್ತಿರುತ್ತದೆ. ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರತೊಡಗಿದರೆ ಮಾತ್ರ ಎರಡರ ಪಾತ್ರ ಅದಲುಬದಲಾಗುತ್ತದೆ, ಸುಮ್ಮನಿದ್ದದ್ದು ಮುಂದಾಳಾಗುತ್ತದೆ.

ಶೂವಿನ ಮೈಗೆ ಅಂಟಿಸಿದ ಲೈನರ್ ಹೊಸದರಲ್ಲಿ ಸುಮಾರು 4 ಮಿಲಿಮೀಟರ್ ದಪ್ಪ. ಅರ್ಧದಷ್ಟು ಸವೆದರೆ ಅದರ ಬಾಳು ಮುಗಿಯಿತು. ಹೊರಗಡೆ, ಬ್ರೇಕಿನ ತೋಳಿನ ಬುಡದಲ್ಲಿ ಸಣ್ಣ ಬಾಣದ ಗುರುತೊಂದಿರುತ್ತದೆ. ಬ್ರೇಕ್ ಪೂರ್ತಿ ಹಿಡಿದಾಗ ಅದು ಪಕ್ಕದ ಗುರುತಿಗೆ ಬಂದು ನಿಂತರೆ, ಒಳಗಿನ ಕತ್ತಲು ತನ್ನ ಸವಕಲನ್ನು ಹೊರಗೆ ಹೇಳಿದಂತೆ. ಕೆಸರು ಮೆತ್ತಿಕೊಂಡು ಆ ಬಾಣ ಕಾಣದೇ ಹೋಗುವುದುಂಟು, ಒದ್ದೆ ಬಟ್ಟೆಯಲ್ಲೊಮ್ಮೆ ಒರೆಸಿ ನೋಡಬೇಕು.

ಈ ಲೈನರಿಗೂ ಒಂದು ಕಥೆಯಿದೆ. ಇಂಗ್ಲೆಂಡಿನ ಡರ್ಬಿಶೈರ್‌ನ ಗುಡ್ಡಗಳಲ್ಲಿ ಗಾಡಿಯವರು ಇಳಿಜಾರಿನಲ್ಲಿ ಚಕ್ರಕ್ಕೆ ಹಳೆಯ ಬೂಟು ಒತ್ತಿ ತಡೆಯುತ್ತಿದ್ದುದನ್ನು ಹರ್ಬರ್ಟ್ ಫ್ರೂಡ್ ಎಂಬಾತ ಕಂಡನಂತೆ. 1897ರಲ್ಲಿ ಆತ ಹತ್ತಿಯ ನೇಯ್ಗೆಗೆ ಡಾಂಬರಿನಂಥ ಅಂಟು ಕುಡಿಸಿ ಬ್ರೇಕಿನ ಹೊದಿಕೆ ಮಾಡಿದ. ಮುಂದೆ ಕಲ್ನಾರು ಬಂತು. ಬಿಸಿಯನ್ನು ತಾಳಿತು, ಆದರೆ ಉಸಿರಿನೊಳಗೆ ಹೊಕ್ಕು ಪುಪ್ಪುಸವನ್ನು ಕೆಡಿಸಿತು. ಈಗ ಕಲ್ನಾರಿಲ್ಲದ ಲೈನರುಗಳು ಸಿಗುತ್ತವೆ. ಆದರೂ ಆಗುಂಬೆ ಘಾಟಿಯ ಕೆಳಗಿನ ಹೆಬ್ರಿಯ ಕಡೆಯ ಗ್ಯಾರೇಜೊಂದರಲ್ಲಿ ನಾನು ಡ್ರಮ್ಮಿನೊಳಗಿನ ಪುಡಿಯನ್ನು ಊದಲು ಬಾಯಿ ಹತ್ತಿರ ತಂದಾಗ ಅಲ್ಲಿನ ಹುಡುಗ, "ಊದ್ಬೇಡಿ ಸರ್, ಮೂಗಿಗೆ ಹೋಗ್ತದೆ" ಎಂದು ತಡೆದು, ಆ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆದ. ಬಟ್ಟೆಗೆ ಹತ್ತಿದ ಕಪ್ಪನ್ನು ನೋಡುತ್ತಾ ನಿಂತೆ. ಎಷ್ಟು ತಿರುವುಗಳ, ಎಷ್ಟು ದನಕರುಗಳ, ರಸ್ತೆಗೆ ಓಡಿಬಂದ ಎಷ್ಟು ಮಕ್ಕಳ ಎದುರಿನ ನಿಲುಗಡೆಗಳು ಅದರಲ್ಲಿ ನುಣುಪಾಗಿ ಬೆರೆತಿದ್ದವೋ!

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಗೇರಿಲ್ಲದ ಸ್ಕೂಟರಿಗೆ ಎಂಜಿನ್ನಿನ ತಡೆ ಅಷ್ಟಾಗಿ ಒದಗುವುದಿಲ್ಲ. ವೇಗ ತೀರಾ ಇಳಿದರೆ ಕ್ಲಚ್ಚೂ ಕೈಬಿಡುತ್ತದೆ, ಇಡೀ ಇಳಿಜಾರು ಈ ಅರ್ಧಚಂದ್ರಗಳ ಮೇಲೆ ಬೀಳುತ್ತದೆ. ಬಿಡದೆ ಹಿಡಿದರೆ ಕಾದು ಹಿಡಿತ ಜಾರುತ್ತದೆ, ಸುಟ್ಟ ವಾಸನೆ ಬರುತ್ತದೆ. ಹಿಡಿದು ಬಿಟ್ಟು, ನಡುವೆ ಒಂದಿಷ್ಟು ನಿಂತು, ಅವಕ್ಕೂ ಉಸಿರು ಕೊಡಬೇಕು.

ಹೊಸ ಶೂಗಳಿಗೆ ಸ್ಪ್ರಿಂಗು ಸಿಕ್ಕಿಸಿ, ಪುಸ್ತಕ ಅರ್ಧ ಮಡಚಿದ ಹಾಗೆ ಹಿಡಿದು, ಗೂಟಕ್ಕೂ ಕ್ಯಾಮಿಗೂ ಒರಗಿಸಿ ಒತ್ತಿದರೆ 'ಟಪ್' ಎಂದು ಕೂರುತ್ತವೆ. ಕ್ಯಾಮಿಗೆ ತೆಳ್ಳಗೆ ಗ್ರೀಸು; ಲೈನರಿಗೆ ಮಾತ್ರ ಎಣ್ಣೆಯ ಬೆರಳೂ ತಾಗಬಾರದು. ಹೊಸ ಲೈನರಿನ ಬಾಗೂ ಹಳೆಯ ಡ್ರಮ್ಮಿನ ಬಾಗೂ ಮೊದಲ ದಿನವೇ ಪೂರ್ತಿ ಕೂಡುವುದಿಲ್ಲ. ಅಲ್ಲೊಂದು ಕಡೆ, ಇಲ್ಲೊಂದು ಕಡೆ ಅಷ್ಟೇ ತಾಗುತ್ತಾ, ಉಜ್ಜಿ ಉಜ್ಜಿ ಒಂದನ್ನೊಂದು ಅರಿಯುತ್ತಾ ಹೋಗುತ್ತವೆ. ಅಲ್ಲಿಯವರೆಗೆ ಹಿಡಿತ ತುಸು ಮೆತ್ತಗಿರುತ್ತದೆ, ಸಮತಟ್ಟಾದ ರಸ್ತೆಯಲ್ಲಿ ಹಗುರವಾಗಿ ಓಡಿಸಬೇಕು. ಆಮೇಲೊಂದು ಬಾರಿ ಹಿಂದಿನ ಬ್ರೇಕಿನ ಕೇಬಲ್ ನಟ್ಟನ್ನು ಅರ್ಧ ಸುತ್ತು ಬಿಗಿಮಾಡಿಸಿಕೊಂಡು ಘಾಟಿಗೆ ಹೊರಡಬಹುದು.