ನಡುರಾತ್ರಿಯ ಅತಿಥಿಗೆ ಮೂರು ರೊಟ್ಟಿ



“ಸ್ವಾಮಿ, ನಿಮ್ಮನ್ನು ಊಟಕ್ಕೆ ಕರೆಯಬೇಕೆಂದು ಎಷ್ಟೋ ಸಲ ಅಂದುಕೊಂಡೆವು. ಆದರೆ ಇಷ್ಟು ಸಣ್ಣ ಅಡಿಗೆಮನೆಯಲ್ಲಿ ಏನು ಮಾಡುವುದು?” ಮನೆ ಭೇಟಿಗೆ ಹೋದಾಗ ಈ ಮಾತು ಕೇಳದ ಬೀದಿಯಿಲ್ಲ. ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು ಹೊರಗೆ ಬರಬೇಕು. ಎರಡು ಉರಿಯ ಒಲೆ, ಒಂದು ಕುಕ್ಕರು, ಎಣಿಸಿದಷ್ಟೇ ತಟ್ಟೆಗಳು. ನಿಮ್ಮ ಸಂಕೋಚ ನಿಜವಾದದ್ದೇ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಆ ಒಂದು ಸಂಕೋಚದಿಂದಲೇ ಎಷ್ಟು ಮನೆಗಳಲ್ಲಿ ವರ್ಷಗಟ್ಟಲೆ ಹೊರಗಿನವರು ಯಾರೂ ಉಂಡಿಲ್ಲ!

ಪೂಜಾಪಂಚಾಂಗದ ‘ಸಿ’ ವರ್ಷದಲ್ಲಿ, ಸಾಧಾರಣ ಕಾಲದ 16ನೇ ಭಾನುವಾರ ಮಾರ್ತಳ ಮನೆಯ ಪ್ರಸಂಗವನ್ನು ಕೇಳುತ್ತೇವೆ. 2025ರಲ್ಲಿ ಅದು ಜುಲೈ 20ರಂದು ಬಂದಿತ್ತು. ಪಾಪ, ಮಾರ್ತಳು! ಪ್ರಬೋಧನೆಗಳಲ್ಲಿ ನಾವು ಆಕೆಯನ್ನು ಗದರಿದ್ದೇ ಹೆಚ್ಚು. ಯೇಸುಸ್ವಾಮಿ ಆಕೆಯ ಅಡಿಗೆಯನ್ನು ಬೇಡವೆನ್ನಲಿಲ್ಲ, ಹತ್ತಾರು ಚಿಂತೆಗಳನ್ನು ತಲೆಗೆ ಹಚ್ಚಿಕೊಂಡದ್ದಕ್ಕೆ ಮರುಗಿದರು. ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ, ಬೇಕಾದದ್ದು ಕೆಲವೇ, ಅಥವಾ ಒಂದೇ ಎಂಬರ್ಥದ ಮಾತಿದೆ. ಊಟಕ್ಕೆ ಒಂದು ಬಗೆ ಸಾಕು ಎಂದೇ ಅದನ್ನು ಓದಿದ ವ್ಯಾಖ್ಯಾನಕಾರರೂ ಉಂಟು.

ಹಾಗಾದರೆ ಒಂದೇ ಬಗೆ ಮಾಡಿರಿ. ಮಂಗಳೂರಿನ ಕಡೆಯವರಿಗೆ ಗೊತ್ತು, ಹಂದಿಮಾಂಸದ ಬಫಾತ್ ಹಿಂದಿನ ದಿನ ಮಾಡಿಟ್ಟರೆ ಮರುದಿನವೇ ಅದಕ್ಕೆ ರುಚಿ. ಅತಿಥಿಗಳು ಬರುವ ಹೊತ್ತಿಗೆ ಒಲೆಯ ಮೇಲೆ ಅನ್ನವೊಂದೇ ಉಳಿಯುತ್ತದೆ. ಅದೂ ಕಷ್ಟವಾದರೆ ಅನ್ನ, ಬೇಳೆಸಾರು, ಉಪ್ಪಿನಕಾಯಿ. ಕುಕ್ಕರಿನ ಕೆಳಡಬ್ಬಿಯಲ್ಲಿ ಬೇಳೆ, ಮೇಲಿನದರಲ್ಲಿ ಅಕ್ಕಿ ಒಟ್ಟಿಗೇ ಬೇಯುತ್ತವೆ (ಇದನ್ನು ನಿಮಗೆ ನಾನು ಹೇಳಿಕೊಡಬೇಕೆ!). ಆಗ ನೀವೂ ಬಂದವರ ಬಳಿ ಬಂದು ಕುಳಿತುಕೊಳ್ಳಬಹುದು.

ಅದರ ಮರು ಭಾನುವಾರವೇ ನಡುರಾತ್ರಿಯ ಗೆಳೆಯನ ಸಾಮತಿಯನ್ನು ಓದುತ್ತೇವೆ (ಲೂಕ 11). ಎಡೆಬಿಡದೆ ಪ್ರಾರ್ಥಿಸಬೇಕೆಂಬುದು ಅದರ ಪಾಠ, ನಿಜ. ಆದರೆ ಆ ಮನೆಗಳನ್ನು ಸ್ವಲ್ಪ ನೋಡಿರಿ. ಒಳಗಿನವನ ಮಕ್ಕಳು ಅವನ ಜೊತೆಯಲ್ಲೇ ಮಲಗಿದ್ದಾರೆ, ನಮ್ಮ ವಠಾರದ ಒಂದು ಕೋಣೆಯ ಮನೆಗಳ ಹಾಗೆಯೇ. ಹೊರಗಿನವನ ಮನೆಯಲ್ಲಿ ರೊಟ್ಟಿಯೇ ಇಲ್ಲ. ಆದರೂ ಅವನು ಪ್ರಯಾಣ ಮಾಡಿ ಬಂದ ಗೆಳೆಯನಿಗೆ “ನಾಳೆ ಬಾ” ಎನ್ನಲಿಲ್ಲ. ಇಲ್ಲದ್ದನ್ನು ಮುಚ್ಚಿಡಲೂ ಇಲ್ಲ. ಕತ್ತಲಲ್ಲಿ ನಡೆದುಹೋಗಿ ಬಾಗಿಲು ತಟ್ಟಿ ಮೂರು ರೊಟ್ಟಿ ಕೇಳಿದ. ಅವನ ಗುಣವನ್ನು ಹೇಳಲು ಸಂತ ಲೂಕರು ಬಳಸಿದ ಗ್ರೀಕ್ ಪದದ ನೇರ ಅರ್ಥ ‘ನಾಚಿಕೆಯಿಲ್ಲದಿರುವುದು’.

ಈ ಒಂದು ನಾಚಿಕೆಗೇಡಿತನ ನಮ್ಮಲ್ಲಿ ಕಡಿಮೆಯಾಗಿದೆ. ದೊಡ್ಡ ಪಾತ್ರೆಯನ್ನೋ ನಾಲ್ಕು ತಟ್ಟೆಗಳನ್ನೋ ಪಕ್ಕದ ಮನೆಯಲ್ಲಿ ಕೇಳುವುದಕ್ಕಿಂತ ಯಾರನ್ನೂ ಕರೆಯದಿರುವುದೇ ಸುಲಭವೆನಿಸುತ್ತದೆ. ನಾನೇನು ಮೇಲಲ್ಲ. ಗುರುಮನೆಯ ಅಡಿಗೆಮನೆ ದೊಡ್ಡದು, ಅಡಿಗೆಯವರೂ ಇದ್ದಾರೆ. ಆದರೂ ಈ ವರ್ಷ ನನ್ನ ಮೇಜಿನಲ್ಲಿ ಯಾರ್ಯಾರು ಉಂಡರೆಂದು ಲೆಕ್ಕ ಹಾಕಿದರೆ ತಲೆ ತಗ್ಗಿಸಬೇಕಾಗುತ್ತದೆ.

ನಿಮ್ಮ ದೇವಾಲಯದಲ್ಲಿಯೂ ಕೊನೆಯ ಬೆಂಚಿನಲ್ಲಿ ಕೂರುವ ಹಿರಿಯರೊಬ್ಬರು ಇದ್ದಾರು. ಹೆಂಡತಿ ತೀರಿಕೊಂಡ ಮೇಲೆ, ಬಲಿಪೂಜೆ ಮುಗಿದೊಡನೆ ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ಒಬ್ಬರೇ ಮನೆಗೆ ಹೋಗುವವರು. ಅವರು ಬರುವುದು ನಿಮ್ಮ ಅಡಿಗೆಮನೆಯ ಅಳತೆ ತೆಗೆಯಲು ಅಲ್ಲ. ಬರುವ ಭಾನುವಾರ ಅವರನ್ನು ಕರೆಯಿರಿ. ತಟ್ಟೆ ಸಾಲದೇ? ಪಕ್ಕದ ಮನೆಯ ಬಾಗಿಲು ತಟ್ಟಿರಿ. ತಟ್ಟೆ ಕೊಟ್ಟವರನ್ನೂ ಊಟಕ್ಕೆ ಕರೆಯಬೇಕಾದೀತು. ಆಗ ಇನ್ನೂ ಒಂದು ತಟ್ಟೆ ಕೇಳಿಬಿಡಿರಿ.