ವಿದ್ಯೆಯ ಬಿಗಿಮುಷ್ಟಿ

ವಿದ್ಯೆಯನ್ನು ಕಾಪಾಡುವುದೆಂದರೆ ಬಚ್ಚಿಡುವುದೋ, ಹಂಚುವುದೋ? ಸಂಗೀತಗಾರರ ಮನೆಗಳಲ್ಲಿ ಈ ಪ್ರಶ್ನೆಯು ಬಹು ಹಳೆಯದು.

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಮೆಕ್ಸಿಕೋ ಸೀಮೆಯ ದನಗಾಹಿಗಳೊಡನೆ ಗಿಟಾರ್ ವಾದ್ಯವು ಬಂದಿತು. ದ್ವೀಪವಾಸಿಗಳು ಅದರ ಕೆಲವು ತಂತಿಗಳನ್ನು ಸಡಿಲಿಸಿ, ತಮ್ಮ ಹಾಡಿಗೆ ಒಗ್ಗುವಂತೆ ಶ್ರುತಿಮಾಡಿಕೊಂಡರು. ಹೆಬ್ಬೆರಳು ಮಂದ್ರದ ತಂತಿಗಳನ್ನು ಮಿಡಿಯುತ್ತಿರಲು, ಉಳಿದ ಬೆರಳುಗಳು ಹಾಡನ್ನು ನುಡಿಸುವುವು. ಈ ಶ್ರುತಿಯ ಕ್ರಮಗಳು ಬರಬರುತ್ತ ಮನೆತನದ ಗುಟ್ಟುಗಳಾದುವು. ತಂತಿಯನ್ನು ಸಡಿಲಿಸಿದವರು ಮುಷ್ಟಿಯನ್ನು ಸಡಿಲಿಸಲಿಲ್ಲ.

ಅವರ ಭಕ್ತಿಯನ್ನು ಹಳಿಯಲಾಗದು. ಅನ್ಯರ ಕೈಯಲ್ಲಿ ವಿದ್ಯೆಯು ಕೆಡದಿರಲೆಂಬ ಕಳಕಳಿಯೂ ಭಕ್ತಿಯೇ. ಆದರೆ ಕಲಿಯುವ ಮಕ್ಕಳಿಲ್ಲದ ಮನೆಯಲ್ಲಿ ಹಿರಿಯನೊಡನೆ ಅವನ ಶ್ರುತಿಯೂ ಮಣ್ಣಾಗುವುದಷ್ಟೆ! ೧೯೪೬ರ ಸುಮಾರಿನಲ್ಲಿ ಗ್ಯಾಬಿ ಪಹಿನುಯಿ ಎಂಬ ವಾದಕರು ಈ ವಾದನವನ್ನು ಧ್ವನಿಮುದ್ರಿಕೆಗೆ ಕೊಟ್ಟರು. ೧೯೭೩ರಲ್ಲಿ ಕಿಯೋಲಾ ಬೀಮರ್ ಎಂಬವರು ಅದನ್ನು ಕಲಿಸುವ ಪುಸ್ತಕವನ್ನೇ ಬರೆದರು. ಗುಟ್ಟು ಬಯಲಾಯಿತು, ವಿದ್ಯೆಯು ಉಳಿಯಿತು.

ನಮ್ಮ ಹಾಸನ ಜಿಲ್ಲೆಯಲ್ಲಿ ೧೯೨೦ರಲ್ಲಿ ಜನಿಸಿದ ವೈಣಿಕ ದೊರೆಸ್ವಾಮಿ ಅಯ್ಯಂಗಾರ್ಯರು ವೀಣೆ ವೆಂಕಟಗಿರಿಯಪ್ಪನವರ ಶಿಷ್ಯರು. ವೆಂಕಟಗಿರಿಯಪ್ಪನವರಾದರೋ ವೀಣೆ ಶೇಷಣ್ಣನವರ ಶಿಷ್ಯರು. ವೆಂಕಟಗಿರಿಯಪ್ಪನವರಿಂದ ಮೈಸೂರಿನ ಈ ಬಾನಿಯು ಅಯ್ಯಂಗಾರ್ಯರ ಕೈಗೆ ಬಂದುದು ಶುಶ್ರೂಷೆಯಿಂದ.

ಹಾಗೆಂದು ಕೇಳಿದವರಿಗೆಲ್ಲ ವಿದ್ಯೆಯನ್ನು ಎರಚಬೇಕೆಂದಲ್ಲ. ಪಾತ್ರನನ್ನು ಪರೀಕ್ಷಿಸುವುದು ಗುರುವಿನ ಧರ್ಮವೇ ಸರಿ. ಆದರೆ ಪರೀಕ್ಷಿಸತಕ್ಕುದು ಶಿಷ್ಯನ ಶ್ರದ್ಧೆಯನ್ನು, ಅವನ ಕುಲವನ್ನಲ್ಲ. ಗಂಡಸಿಯಂತಹ ಊರಿನಲ್ಲಿ ವೀಣೆಯನ್ನು ಬಲ್ಲ ಹಿರಿಯರೊಬ್ಬರಿದ್ದು, ನೆರೆಮನೆಯ ಮಗುವು ಬಾಗಿಲಲ್ಲಿ ನಿಂತು ಆಲಿಸುತ್ತಿದ್ದರೆ, ಅದನ್ನು ಒಳಕ್ಕೆ ಕರೆಯುವುದೇ ಆ ವಾದ್ಯಕ್ಕೆ ಅವರು ಸಲ್ಲಿಸಬಹುದಾದ ಪೂಜೆ.