ಅವನನ್ನೇ ಕೇಳಿದಿರಾ?

ದುಬೈಯ ಅಲ್ ಕುಸೈಸ್‌ನಲ್ಲಿ ಉಡುಪಿ ಕಡೆಯವರ ಒಂದು ಮನೆ ಇದೆ ಎಂದುಕೊಳ್ಳಿ. ಮಗನಿಗೆ 27 ವರ್ಷ, ಡೌನ್ ಸಿಂಡ್ರೋಮ್. ಭಾನುವಾರ ಸಂಜೆ ಊರಿನ ಅಜ್ಜಿಯ ಜೊತೆ ವಿಡಿಯೊ ಕಾಲ್ ತಪ್ಪುತ್ತಿರಲಿಲ್ಲ. ಅಜ್ಜಿ ತೀರಿಕೊಂಡರು. ಅಪ್ಪ ಒಬ್ಬರೇ ಊರಿಗೆ ಹೋಗಿ ಕಾರ್ಯ ಮುಗಿಸಿ ಬಂದರು. ‘ಅವನಿಗೇನು ಗೊತ್ತಾಗ್ತದೆ, ಸುಮ್ಮನೆ ಹೆದರ್ತಾನೆ’ ಎಂದು ಮಗನಿಗೆ ಹೇಳಲಿಲ್ಲ. ಭಾನುವಾರ ಸಂಜೆಯಾದರೆ ಅವನು ಮೊಬೈಲ್ ತಂದು ಅಪ್ಪನ ಕೈಗಿಟ್ಟು ಎದುರಿಗೆ ಕೂರುತ್ತಾನೆ. ‘ಅಜ್ಜಿ ಮಲಗಿದ್ದಾರೆ ಮಗಾ’ ಎಂಬ ಉತ್ತರ ಬರುತ್ತದೆ. ಕೆಲವು ತಿಂಗಳಲ್ಲಿ ಅವನು ಸ್ನಾನಕ್ಕೆ ಒಪ್ಪದಾದ. ಡೇ ಸೆಂಟರಿನ ವ್ಯಾನ್ ಬಂದರೆ ಟಿಫಿನ್ ಡಬ್ಬಿ ಎಸೆದ. ರಾತ್ರಿ ನಿದ್ದೆ ಬಿಟ್ಟ. ಅಮ್ಮ ಡಾಕ್ಟರಿಗೆ ಹೇಳಿದ್ದು ಇಷ್ಟೇ: ‘ಇವನಿಗೆ ಹಟ ಜಾಸ್ತಿಯಾಗಿದೆ.’

ಆ ತಾಯಿಯನ್ನು ದೂರುವಂತಿಲ್ಲ. ತಜ್ಞರೂ ಹೀಗೆಯೇ ಎಡವಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ರೀಸ್ ಮತ್ತು ಸಂಗಡಿಗರು 1982ರಲ್ಲೇ ಇದನ್ನು ತೋರಿಸಿದ್ದರು: ಅದದೇ ಲಕ್ಷಣಗಳ ವಿವರಕ್ಕೆ ‘ಬೌದ್ಧಿಕ ನ್ಯೂನತೆಯಿದೆ’ ಎಂಬ ಒಂದು ಸಾಲು ಸೇರಿದರೆ, ಮನಸ್ಸಿನ ಕಾಯಿಲೆ ತಜ್ಞರ ಕಣ್ಣಿಗೆ ಮಸುಕಾಗುತ್ತದೆ. ಗ್ಲಾಸ್ಗೊದಲ್ಲಿ ಬೌದ್ಧಿಕ ನ್ಯೂನತೆಯುಳ್ಳ 1,023 ವಯಸ್ಕರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 40.9 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು.

ಸಾಮಾನ್ಯ ಕ್ಲಿನಿಕ್‌ಗಳಲ್ಲಿ ಖಿನ್ನತೆ ಪತ್ತೆಗೆ ಬಳಸುವ ಪಿಎಚ್‌ಕ್ಯು-9 ಪಟ್ಟಿ ಆ ಮಗನ ಕೈಗೆ ಬಂದರೆ ಏನಾಗುತ್ತದೆ? ಹಿಂದಿನ ಎರಡು ವಾರಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಬೇಸರವಿತ್ತೇ ಎಂದು ಅದು ಕೇಳುತ್ತದೆ. ದಿನಗಳ ಲೆಕ್ಕ ಇಡಲಾಗದವನು ಎಲ್ಲಕ್ಕೂ ‘ಹೂಂ’ ಎನ್ನುತ್ತಾನೆ, ಇಲ್ಲವೇ ಅಮ್ಮನ ಮುಖ ನೋಡುತ್ತಾನೆ. ಇಂಥವರಿಗೆಂದೇ 2003ರಲ್ಲಿ ಸಿದ್ಧವಾದ ಗ್ಲಾಸ್ಗೊ ಖಿನ್ನತೆ ಮಾಪಕದಲ್ಲಿ 20 ಸರಳ ಪ್ರಶ್ನೆಗಳಿವೆ. ಇಲ್ಲ, ಕೆಲವೊಮ್ಮೆ, ಯಾವಾಗಲೂ ಎಂಬ ಮೂರೇ ಉತ್ತರ. ನೋಡಿಕೊಳ್ಳುವವರಿಗೆ 16 ಪ್ರಶ್ನೆಗಳ ಪಟ್ಟಿ ಬೇರೆಯೇ ಇದೆ. ಇದರಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು, ಮೊದಲು ಅವನನ್ನೇ ಕೇಳುವ ಆ ಸೌಜನ್ಯ. ಜೊತೆಗೆ ರಕ್ತ ಪರೀಕ್ಷೆಯೂ ಆಗಬೇಕು. ಡೌನ್ ಸಿಂಡ್ರೋಮ್ ಇದ್ದವರಲ್ಲಿ ಥೈರಾಯ್ಡ್ ಕುಂದುವುದು ಹೆಚ್ಚು, ಅದರ ಮಂಕು ಖಿನ್ನತೆಯಂತೆಯೇ ಕಾಣುತ್ತದೆ. ಹಲ್ಲುನೋವು, ಮಲಬದ್ಧತೆ ಕೂಡ ಹೇಳಿಕೊಳ್ಳಲಾಗದವನಲ್ಲಿ ಸಿಟ್ಟಾಗಿ ಹೊರಬರಬಹುದು.

2019ರ ಮಾರ್ಚ್‌ನಲ್ಲಿ ಅಬುಧಾಬಿ ವಿಶೇಷ ಒಲಿಂಪಿಕ್ಸ್‌ಗೆ ಬೌದ್ಧಿಕ ನ್ಯೂನತೆಯುಳ್ಳ ಸಾವಿರಾರು ಕ್ರೀಡಾಪಟುಗಳು ಬಂದಿದ್ದರು. ಕಣ್ಣು, ಹಲ್ಲು, ಕಿವಿ, ಪಾದಗಳ ಉಚಿತ ತಪಾಸಣೆ ವಿಶೇಷ ಒಲಿಂಪಿಕ್ಸ್ ಸಂಸ್ಥೆಯ ಹೆಮ್ಮೆಯ ಕಾರ್ಯಕ್ರಮ. ಮನಸ್ಸಿನ ತಪಾಸಣೆಗೂ ಹಾಗೆ ಸಾಲು ನಿಲ್ಲುವಂತಾಗಬೇಕೆಂದು ನಾನು ಬಯಸುತ್ತೇನೆ. ಯುಎಇಯ ವೀಸಾ ನಿಯಮವೂ ಕರುಣೆಯದ್ದೇ: ಬೇರೆ ಗಂಡುಮಕ್ಕಳಿಗೆ 25ರವರೆಗೆ ತಂದೆಯ ಆಶ್ರಯವಾದರೆ, ಇಂಥ ಮಕ್ಕಳಿಗೆ ವಯಸ್ಸಿನ ಮಿತಿಯೇ ಇಲ್ಲ. ಕಾಗದದಲ್ಲಿ ಅವನು ಎಂದೆಂದಿಗೂ ಮಗು. ಆದರೆ ಮನೆಯಲ್ಲಿ, ಕ್ಲಿನಿಕ್ಕಿನಲ್ಲಿ ಅದನ್ನೇ ನಂಬಿ ಅವನ ಪಾಲಿನ ಸಾವಿನ ಸುದ್ದಿಯನ್ನೂ ಕಿತ್ತುಕೊಂಡರೆ ಅದು ಅನ್ಯಾಯ. ಬರುವವರು ಹೋಗುವವರಿಂದಲೇ ತುಂಬಿದ ಊರಿನಲ್ಲಿ ಟೀಚರ್, ಗೆಳೆಯ, ಪಕ್ಕದ ಮನೆಯವರು ಒಂದು ದಿನ ಇದ್ದಕ್ಕಿದ್ದಂತೆ ಇಲ್ಲವಾಗುತ್ತಾರೆ. ಆ ಅಗಲಿಕೆಗಳ ಲೆಕ್ಕ ಅವನ ಬಳಿ ಇರುತ್ತದೆ.

ಡಾಕ್ಟರ್ ಅವನ ಮುಖ ನೋಡಿ, ಮೆಲ್ಲಗೆ, ಒಂದೊಂದೇ ಪ್ರಶ್ನೆ ಕೇಳಲಿ. ಮನೆಯಲ್ಲಿ ತುಳುವೋ ಕನ್ನಡವೋ ಕೇಳಿ ಬೆಳೆದವನಿಗೆ ಇಂಗ್ಲಿಷ್ ಪ್ರಶ್ನೆ ಎಟುಕದಿದ್ದರೆ ಅಮ್ಮ ಅದನ್ನು ಮನೆಮಾತಿನಲ್ಲಿ ತಿಳಿಸಲಿ. ಉತ್ತರವನ್ನು ಮಾತ್ರ ಅವನಿಗೇ ಬಿಡಲಿ. ಅಜ್ಜಿಯ ವಿಷಯ ಈ ಭಾನುವಾರಕ್ಕೆ ಮುಂಚೆಯೇ ಅಪ್ಪ ಹೇಳಲಿ.